ಬೆನ್ನಿಗೆ ಕಣ್ಣಿಲ್ಲದ ಭಾವನ ದೋಣಿ

ನಮ್ಮ ಭಾವನಿಗೆ ಕೋಪ ಬರುವುದಿಲ್ಲ, ಗಾಬರಿಯಾಗುವುದಿಲ್ಲ, ನೆಗಡಿ ಕೂಡ ಅಷ್ಟಾಗಿ ಹತ್ತಿರ ಸುಳಿಯುವುದಿಲ್ಲ. ಊರೊಳಗೆ ಓಡಾಡುವ ಬಸ್ಸಿನ ಡ್ರೈವರ್ ಆಗಿ ಆಯುಷ್ಯದ ಮುಕ್ಕಾಲು ಪಾಲು ಕಳೆದವರು. ಅಷ್ಟು ವರ್ಷದಲ್ಲಿ ಅವರ ಬಸ್ಸಿನಲ್ಲಿ ಯಾರಿಗೂ ಒಂದು ತರಚು ಗಾಯ ಕೂಡ ಆಗಿಲ್ಲ. ನಿಂತವರ ಕೈಯಲ್ಲಿರುವ ಚಹಾ ತುಳುಕದ ಹಾಗೆ ಬ್ರೇಕ್ ಹಾಕುತ್ತಿದ್ದರು ಎಂದು ಅಕ್ಕ ಹೇಳಿಕೊಂಡು ತಿರುಗುತ್ತಾಳೆ. ಬಸ್ಸಿನಲ್ಲಿ ನಿಂತುಕೊಂಡು ಚಹಾ ಕುಡಿಯುವವರು ಯಾರು ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಕುಡಿದಿದ್ರೆ ತುಳುಕ್ತಿರಲಿಲ್ಲ ಅಂತ ಹೇಳಿದ್ದು" ಎಂದಳು. ಗಂಡನ ವಿಷಯದಲ್ಲಿ ಅವಳ ವಾದ ಯಾವಾಗಲೂ ಇದೇ ಧಾಟಿಯದು.

ನಾನು ಅವಳ ತಂಗಿ. ಹಲ್ಲಿನ ಡಾಕ್ಟರ ಹತ್ತಿರ ಟೋಕನ್ ಕೊಡುವ ಕೆಲಸ ನನ್ನದು. ದಿನವಿಡೀ ದವಡೆ ಹಿಡಿದುಕೊಂಡು ನರಳುವವರ ನಡುವೆ ಕೂತು ನನ್ನ ನಾಲಿಗೆಯೂ ಸ್ವಲ್ಪ ಕಹಿಯಾಗಿದೆ ಎಂದು ಮನೆಯವರ ಅಭಿಪ್ರಾಯ. ಅಕ್ಕನ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ಹಾಗಾಗಿ ಈ ಕಥೆಯಲ್ಲಿ ಕೇಳಿದ್ದಕ್ಕಿಂತ ಕಂಡದ್ದೇ ಹೆಚ್ಚು.

ಭಾವನ ಜೊತೆಗೆ ಅದೇ ಬಸ್ಸಿನಲ್ಲಿ ಅಷ್ಟೇ ಕಾಲ ಕೆಲಸ ಮಾಡಿದ ಕಂಡಕ್ಟರ್ ಒಬ್ಬರಿದ್ದಾರೆ. ಸಣಕಲು ದೇಹ, ಬಸ್ಸಿನ ಕೊನೆಯ ಸೀಟಿಗೂ ಕೇಳಿಸುವ ಗಂಟಲು. ಭಾವನ ವಿಷಯದಲ್ಲಿ ಅವರೊಂದು ಗುಟ್ಟು ಹೇಳಿದ್ದರು. "ನಿಮ್ಮ ಭಾವ ಅಪ್ಪಟ ಡ್ರೈವರ್ ಕಣಮ್ಮ. ಮುಂದೆ ರಸ್ತೇಲಿ ಇರುವೆ ದಾಟಿದ್ರೂ ಕಾಣುತ್ತೆ ಅವನಿಗೆ. ಆದ್ರೆ ಬೆನ್ನಿಗೆ ಕಣ್ಣಿಲ್ಲ. ಇಷ್ಟು ವರ್ಷ ಆ ಕಣ್ಣು ನಾನೇ ಆಗಿದ್ದೆ."

ಮಾತು ನಿಜ. ಬಸ್ಸಿನಲ್ಲಿ ಮುಂದಿನದೆಲ್ಲ ಡ್ರೈವರಿಗೆ, ಹಿಂದಿನದೆಲ್ಲ ಕಂಡಕ್ಟರಿಗೆ. ಹತ್ತುವವರು ಹತ್ತಿದರೇ, ಬಾಗಿಲು ಹಾಕಿದೆಯೇ, ಯಾರದಾದರೂ ಚೀಲ ಸಿಕ್ಕಿಹಾಕಿಕೊಂಡಿದೆಯೇ, ಇದೆಲ್ಲ ನೋಡಿ ಕಂಡಕ್ಟರ್ ತಗಡಿನ ಮೇಲೆ ಎರಡು ಸಲ ಬಡಿಯಬೇಕು. ಆಮೇಲೆಯೇ ಬಸ್ಸು ಹೊರಡುವುದು. ಒಂದು ಸಲ ಬಡಿದರೆ ನಿಲ್ಲಬೇಕು. ಹಿಮ್ಮುಖ ಹೋಗಬೇಕಾದರೆ ಕಂಡಕ್ಟರ್ ಕೆಳಗಿಳಿದು "ಬರ್ಲಿ, ಬರ್ಲಿ, ಬರ್ಲಿ... ಸಾಕು!" ಎನ್ನಬೇಕು. ಭಾವ ಒಂದು ದಿನವೂ ಕತ್ತು ಹಿಂದೆ ತಿರುಗಿಸಿದವರಲ್ಲ. ತಿರುಗಿಸುವ ಅಗತ್ಯವೇ ಬಿದ್ದಿರಲಿಲ್ಲ.

ನಿವೃತ್ತಿಯ ಮರುದಿನವೂ ಭಾವ ಬೆಳಕು ಹರಿಯುವ ಮೊದಲೇ ಎದ್ದು, ಗಡ್ಡ ಹೆರೆದು, ಶೂ ಹಾಕಿಕೊಂಡು ನಡುಮನೆಗೆ ಬಂದು ನಿಂತರು. ಹೋಗುವುದಕ್ಕೆ ಜಾಗವಿರಲಿಲ್ಲ. ಕಿಟಕಿಯ ಹತ್ತಿರ ಒಂದು ಕುರ್ಚಿ ಎಳೆದುಕೊಂಡು ಕೂತರು. ಕೂತವರು ವರ್ಷವಾದರೂ ಏಳಲಿಲ್ಲ ಎಂದೇ ಹೇಳಬೇಕು. ಬೀದಿಯಲ್ಲಿ ಸೈಕಲ್ಲೊಂದು ಅಡ್ಡ ಬಂದರೆ ಅವರ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. ಚಾಪೆ ಆ ಜಾಗದಲ್ಲಿ ಸವೆದು ನೂಲು ಎದ್ದಿತ್ತು. ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು, ಕೊನೆಗೆ ಶೂ ಹಾಕಿಕೊಳ್ಳುವುದನ್ನೂ ಬಿಟ್ಟರು. "ಮನುಷ್ಯ ಇದ್ದೂ ಇಲ್ಲದ ಹಾಗಾಗಿಬಿಟ್ರು ಕಣೆ. ಆ ಕುರ್ಚಿ ಕಂಡ್ರೆ ಒಲೆಗೆ ಹಾಕ್ಬೇಕು ಅನ್ಸುತ್ತೆ" ಎಂದು ಅಕ್ಕ ಅಡುಗೆಮನೆಯಲ್ಲಿ ನಿಂತು ಕಣ್ಣೊರೆಸಿಕೊಂಡಳು. ನನಗೂ ಭಯವಾಗಿತ್ತು. ಗಟ್ಟಿಮುಟ್ಟಾದ ಮನುಷ್ಯ ಕಣ್ಣೆದುರಿಗೇ ಕರಗುವುದನ್ನು ನೋಡುವುದು ಸುಲಭವಲ್ಲ.

ಆಗ ಬಂದದ್ದು ದೋಣಿ. ಊರಂಚಿನಲ್ಲಿ ದೊಡ್ಡ ಕೆರೆಯಿದೆ, ಆಚೆ ದಡ ಸಣ್ಣಗೆ ಕಾಣುವಷ್ಟು ದೊಡ್ಡದು. ರಜೆಯ ದಿನ ಅಲ್ಲಿ ದೋಣಿ ಓಡಿಸುವವರಿದ್ದಾರೆ. ಊರು ಬಿಟ್ಟು ಹೋಗುತ್ತಿದ್ದವರೊಬ್ಬರು ತಮ್ಮ ಹಳೆಯ ಮೋಟಾರು ದೋಣಿ ಮಾರುತ್ತಿದ್ದಾರೆ ಎಂದು ಕಂಡಕ್ಟರ್ ಸುಮ್ಮನೆ ಮಾತಿಗೆ ಹೇಳಿದರಂತೆ. ಭಾವ ನೋಡಲು ಹೋದರು. ಮೋಟಾರು ನೋಡಲಿಲ್ಲ, ತಳ ನೋಡಲಿಲ್ಲ. ದೋಣಿಯ ನಡುವೆ ಒಂದು ಸ್ಟೇರಿಂಗ್ ಇತ್ತು. ಅದನ್ನು ಹಿಡಿದು ಕೂತರು, ಅಷ್ಟೇ. ಸಂಜೆ ದೋಣಿ ಎರಡು ಚಕ್ರದ ಟ್ರೇಲರಿನ ಮೇಲೆ ಅಕ್ಕನ ಮನೆಯ ಪಕ್ಕದ ಓಣಿಗೆ ಬಂದು ನಿಂತಿತು.

ಅಕ್ಕನಿಗೆ ನೀರೆಂದರೆ ಆಗದು. ಬಕೆಟ್ ತುಂಬಿದ್ದರೂ ಒಂದು ಹೆಜ್ಜೆ ಹಿಂದೆ ನಿಲ್ಲುವವಳು. ಆದರೂ ಆ ದಿನ ಅವಳು ತುಟಿ ಬಿಚ್ಚಲಿಲ್ಲ. ಏಕೆಂದರೆ ಭಾವ ಶೂ ಹಾಕಿಕೊಂಡಿದ್ದರು.

ಮೊದಲ ಭಾನುವಾರ ತರಕಾರಿ ಅಂಗಡಿಯವನ ವ್ಯಾನು ಕೇಳಿ ತಂದು, ಅದಕ್ಕೆ ಟ್ರೇಲರ್ ಕಟ್ಟಿ, ಭಾವ ಕೆರೆಗೆ ಹೊರಟರು. ನೋಡುವುದಕ್ಕೆ ನಾನೂ ಹೋದೆ. ಕೆರೆಯ ದೋಣಿಕಟ್ಟೆಯ ಪಕ್ಕ ನೀರಿಗಿಳಿಯುವ ಇಳಿಜಾರು ಇದೆ. ಅಲ್ಲಿ ಹಿಮ್ಮುಖವಾಗಿ ಹೋಗಿ ಟ್ರೇಲರನ್ನು ನೀರಿಗಿಳಿಸಿದರೆ ದೋಣಿ ತಾನಾಗಿ ತೇಲುತ್ತದೆ. ಭಾವ ಕಿಟಕಿಯಾಚೆ ಮೊಣಕೈ ಇಟ್ಟು, ಕಣ್ಣು ಮುಂದಿಟ್ಟು, ಗಂಭೀರವಾಗಿ ಹಿಂದೆ ಸರಿದರು. ಯಾರೂ "ಸಾಕು" ಎನ್ನಲಿಲ್ಲ. ಹೇಳಬೇಕಾದವರು ಅವತ್ತು ಮನೆಯಲ್ಲಿ ಮಲಗಿದ್ದರು. ಹೇಳಬೇಕೆಂದು ನನಗೇನು ಗೊತ್ತು? ಟ್ರೇಲರ್ ಮುಳುಗಿತು, ವ್ಯಾನಿನ ಹಿಂದಿನ ಚಕ್ರ ಮುಳುಗಿತು, ಬಾಗಿಲು ತೆರೆದುಕೊಂಡು ಅಂಗಡಿಯವನು ಮರೆತಿದ್ದ ನಾಲ್ಕಾರು ಎಲೆಕೋಸು ಒಂದರ ಹಿಂದೊಂದು ಕೆರೆಗೆ ತೇಲಿ ಹೊರಟವು. ದೋಣಿ ಮಾತ್ರ ಅಲ್ಲಾಡಲಿಲ್ಲ. ಟ್ರೇಲರಿಗೆ ಬಿಗಿದ ಹಿಂದಿನ ಪಟ್ಟಿಯನ್ನು ಭಾವ ಬಿಚ್ಚಿರಲಿಲ್ಲ.

ಕಟ್ಟೆಯ ಮೇಲೆ ಬೆಂಚು ಹಾಕಿಕೊಂಡು ಕೂತಿದ್ದ ಕಾವಲುಗಾರ ಕಡಲೆಕಾಯಿ ಬಿಡಿಸುತ್ತ ಎಲ್ಲವನ್ನೂ ನೋಡಿದ. "ಸಾರ್, ಮೊದಲು ತೇಲಿಸಬೇಕಾದ್ದು ದೋಣಿ" ಎಂದ.

ಭಾವ ಅಳುಕಲಿಲ್ಲ. ವ್ಯಾನು ಎಳೆಸಿ, ಒರೆಸಿ, ಎಲೆಕೋಸಿಗೆ ಬದಲು ಎಲೆಕೋಸು ಕೊಡಿಸಿ ಮನೆಗೆ ಬಂದರು. ಆ ರಾತ್ರಿ ಎರಡು ಸಲ ಬಡಿಸಿಕೊಂಡು ಉಂಡರಂತೆ. ಅಕ್ಕ ಅದನ್ನು ಹೇಳುವಾಗ ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಇತ್ತು.

ಮುಂದಿನ ಭಾನುವಾರ ದೋಣಿ ತೇಲಿತು. ಆದರೆ ಹಿಂದಿನ ಹಗ್ಗ ಕಾವಲುಗಾರನ ಬೆಂಚಿನ ಕಾಲಿಗೆ ಕಟ್ಟಿದ್ದು ಹಾಗೇ ಇತ್ತು. ಭಾವ ಮೋಟಾರು ಹಾಕಿ, ದಿಗಂತ ನೋಡುತ್ತ ಜೋರು ಕೊಟ್ಟರು. ಕಾವಲುಗಾರ ಪುಣ್ಯಕ್ಕೆ ಎದ್ದು ನಿಂತಿದ್ದ. ಬೆಂಚು, ಅದರ ಮೇಲಿದ್ದ ರೇಡಿಯೋ, ಊಟದ ಡಬ್ಬಿ, ಮೂರೂ ಭಾವನ ಹಿಂದೆ ಕೆರೆಗೆ ಹೊರಟವು. ದಡದಲ್ಲಿದ್ದವರು ಕೈಬೀಸಿ ಕೂಗಿದರು. ಭಾವ ತಮಗೆ ಶುಭ ಕೋರುತ್ತಿದ್ದಾರೆಂದುಕೊಂಡು ಮುಂದೆ ನೋಡುತ್ತಲೇ ಒಂದು ಕೈ ಎತ್ತಿ ಸಲಾಂ ಹೊಡೆದರು.

ಇನ್ನೊಂದು ಸಲ ಕೆರೆಯ ನಡುವೆ ನಿಲ್ಲಿಸಿ ಲಂಗರು ಹಾಕಿದರು. ಲಂಗರಿನ ಹಗ್ಗದ ಇನ್ನೊಂದು ತುದಿಯನ್ನು ದೋಣಿಗೆ ಕಟ್ಟಬೇಕಲ್ಲ, ಅದು ಹಿಂದಿನ ಕೊಂಡಿಗೆ ಕಟ್ಟುವಂಥದು. ಲಂಗರು ಹೋಯಿತು, ಅದರ ಹಿಂದೆ ಹಗ್ಗವೂ ಸರಸರ ಹೋಯಿತು. ಇದನ್ನು ಕೇಳಿದ ಕಂಡಕ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಲ್ಲಯ್ಯಾ, ಹ್ಯಾಂಡ್‌ಬ್ರೇಕ್ ಹಾಕು ಅಂದ್ರೆ ಹ್ಯಾಂಡ್‌ಬ್ರೇಕನ್ನೇ ಕಿತ್ತು ಬಿಸಾಕಿದ್ಯಲ್ಲಯ್ಯಾ!" ನೀವಾದರೂ ಜೊತೆಗೆ ಹೋಗಬಾರದೇ ಎಂದು ನಾನು ಕೇಳಿದರೆ, "ನಂಗೆ ನೀರಿನ ಮೇಲೆ ವಾಂತಿ ಬರುತ್ತಮ್ಮಾ. ಮತ್ತೆ ಟಿಕೆಟ್ ಯಾರಿಗೆ ಹರಿಯಲಿ, ಮೀನಿಗಾ?" ಎಂದು ಜಾರಿಕೊಂಡರು.

ಭಾವನಿಗೆ ಇವೆಲ್ಲ ತಪ್ಪೆಂದೇ ಅನಿಸಲಿಲ್ಲ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. "ಯಾರಿಗಾದ್ರೂ ಏಟಾಯ್ತಾ? ಇಲ್ವಲ್ಲ!" ಎನ್ನುತ್ತಿದ್ದರು. ಬೆಂಚು ರಿಪೇರಿ ಮಾಡಿಕೊಟ್ಟರು, ರೇಡಿಯೋ ಬಿಸಿಲಿಗಿಟ್ಟು ಒಣಗಿಸಿಕೊಟ್ಟರು. ಆದರೆ ಭಾನುವಾರ ಕಟ್ಟೆಯ ಮೇಲೆ ಜನ ಸೇರತೊಡಗಿದರು. ಮನೆಯಿಂದ ತಿಂಡಿ ಕಟ್ಟಿಕೊಂಡು ಬಂದವರೂ ಇದ್ದರು. ಒಂದು ದಿನ ಅಕ್ಕ ದಿನಸಿ ಅಂಗಡಿಯಲ್ಲಿ ನಿಂತಿದ್ದಾಗ, ಹಿಂದೆ ಯಾರೋ "ಈ ವಾರ ಡ್ರೈವರ್ ಸಾಹೇಬ್ರು ಏನನ್ನ ಮುಳುಗಿಸ್ತಾರೋ!" ಎಂದು ನಕ್ಕದ್ದು ಅವಳ ಕಿವಿಗೆ ಬಿತ್ತು. ಸಾಮಾನು ಅಲ್ಲೇ ಬಿಟ್ಟು ಮನೆಗೆ ಬಂದಳು.

ನಾನು ಅಲ್ಲೇ ಇದ್ದೆ. ಅವಳು ನೇರ ಭಾವನ ಎದುರಿಗೆ ನಿಂತಳು. "ರೀ, ನನ್ನನ್ನ ಒಂದ್ಸಲ ಕೂರಿಸ್ಕೊಂಡು ಹೋಗಿ, ಕೆರೆ ನಡುವಿಗೆ. ಉಟ್ಟ ಬಟ್ಟೆ ಒದ್ದೆಯಾಗದ ಹಾಗೆ ವಾಪಸ್ ಕರ್ಕೊಂಡು ಬಂದ್ರೆ ದೋಣಿ ಇರ್ಲಿ, ನಾನು ಸೊಲ್ಲೆತ್ತಲ್ಲ. ಒದ್ದೆಯಾಯ್ತೋ, ಮಾರಿಬಿಡ್ಬೇಕು. ನಿಮ್ಮನ್ನ ಊರೆಲ್ಲ ಆಡ್ಕೊಂಡು ನಗೋದು ನಂಗೆ ಸಹಿಸಕ್ಕಾಗಲ್ಲ."

"ನನ್ನ ಗಾಡಿ ಹತ್ತಿದವರು ಯಾರೂ ಕೆಟ್ಟಿಲ್ಲ ಕಣೆ. ಮಾತು ಅಂದ್ರೆ ಮಾತು" ಎಂದರು ಭಾವ.

ಅವಳಿಗೆ ಎಂಥ ಸಂಕಟವೆಂದು ನನಗೆ ಗೊತ್ತಿತ್ತು. ದೋಣಿ ಇದ್ದರೆ ನಗೆಪಾಟಲು, ದೋಣಿ ಹೋದರೆ ಮತ್ತೆ ಆ ಕುರ್ಚಿ. ಅತ್ತ ದರಿ, ಇತ್ತ ಪುಲಿ. ನೀರಿಗೆ ಹೆದರುವವಳು ತಾನೇ ಹೋಗಿ ಅದರ ನಡುವೆ ಕೂರುತ್ತೇನೆಂದಳು. ನಾನು ಜೊತೆಗೆ ಬರುತ್ತೇನೆಂದೆ. ಬಾಯಿ ಎಷ್ಟೇ ಕಹಿಯಿರಲಿ, ಒಡಹುಟ್ಟಿದವಳು ತಾನೇ.

ಶನಿವಾರ ಸಂಜೆ ನಾನು ಅವರ ಮನೆಗೆ ಹೋದಾಗ ಓಣಿಯೆಲ್ಲ ಸೋಪಿನ ನೊರೆ. ಡಿಪೋದಲ್ಲಿ ಬಸ್ಸು ತೊಳೆದ ಹಾಗೆ ಭಾವ ದೋಣಿಯನ್ನು ಒಳಗೂ ಹೊರಗೂ ಉಜ್ಜಿ ತೊಳೆದಿದ್ದರು. ಟ್ರೇಲರಿನ ಟಯರಿಗೆ ಎರಡೆರಡು ಸಲ ಒದ್ದು ಗಾಳಿ ನೋಡುತ್ತಿದ್ದರು. ಒಳಗೆ ಅಕ್ಕ ಪಾತ್ರೆ ತೊಳೆಯುತ್ತ ಯಾವುದೋ ಹಾಡು ಗುನುಗುತ್ತಿದ್ದಳು. ಮರುದಿನ ಕೆರೆಗೆ ಹೋಗಬೇಕಾದವಳು ಹಾಡುವುದೇ? ನಾನು ಬೆರಗಾಗಿ ನಿಂತೆ.

"ನೋಡೇ ಇಲ್ಲಿ" ಎಂದು ಸಿಂಕು ತೋರಿಸಿದಳು. ತುಂಬ ನೀರು ನಿಂತಿತ್ತು. "ಸಿಂಕಿನ ಬಿರಡೆ ಹರಿದುಹೋಗಿ ಎಷ್ಟು ಕಾಲ ಆಯ್ತು, ತಂದ್ಕೊಡಿ ತಂದ್ಕೊಡಿ ಅಂತ ಬಡ್ಕೊಂಡೆ. ಇವತ್ತು ನೋಡಿದ್ರೆ ಕಿಟಕಿ ಕಟ್ಟೆ ಮೇಲೆ ಇಟ್ಟಿದಾರೆ, ಒಂದು ಮಾತೂ ಹೇಳ್ದೆ. ಅಳತೆ ತಗೊಂಡು ತಂದ ಹಾಗೆ ಕೂತಿದೆ."

"ಹೋಗಿ ಒಂದು ಮಾತು ಹೊಗಳಬಾರದಾ?" ಎಂದೆ.

"ಹೊಗಳಿದ್ರೆ ತಲೆ ಮೇಲೆ ಕೂರ್ತಾರೆ. ಸುಮ್ನಿರು" ಎಂದು ನಕ್ಕಳು.

ಭಾನುವಾರ ಕಟ್ಟೆಯ ಮೇಲೆ ಎಂದಿಗಿಂತ ಜನ ಹೆಚ್ಚು. ಕಾವಲುಗಾರ ತನ್ನ ಬೆಂಚನ್ನು ಹತ್ತು ಮಾರು ಹಿಂದಕ್ಕೆ ಎಳೆದುಕೊಂಡಿದ್ದ. ಕಂಡಕ್ಟರ್ ಕೂಡ ಬಂದಿದ್ದರು, ದೋಣಿಗೆ ಹತ್ತುವುದಿಲ್ಲ ಎಂಬ ಷರತ್ತಿನ ಮೇಲೆ. ಅವರು ಬಂದದ್ದು ನನಗೆ ಧೈರ್ಯ ಕೊಟ್ಟಿತು. ವ್ಯಾನಿನ ಹಿಂದೆ ನಿಂತು "ಬರ್ಲಿ, ಬರ್ಲಿ, ಬರ್ಲಿ... ಸಾಕು!" ಎಂದರು. ವ್ಯಾನು ಅಳತೆಗೋಲಿಟ್ಟ ಹಾಗೆ ನಿಂತಿತು. ಹಿಂದಿನ ಪಟ್ಟಿ ಬಿಚ್ಚಿದ್ದಾರೆಯೇ, ಹಗ್ಗ ಎಲ್ಲಿದೆ, ಹೊಸ ಲಂಗರು ಕೊಂಡಿಗೆ ಕಟ್ಟಿದೆಯೇ, ಎಲ್ಲ ಎಳೆದೆಳೆದು ನೋಡಿದರು. ಬಸ್ಸಿನ ಹಿಂದೆ ಏನೇನು ಕೆಡಬಹುದೋ ಅದೆಲ್ಲ ಅವರಿಗೆ ಗೊತ್ತಿತ್ತು. ಆದರೆ ಬಸ್ಸಿನ ಹಿಂಭಾಗದಲ್ಲಿ, ತಳಕ್ಕೆ ಹತ್ತಿಕೊಂಡು, ತೊಳೆದ ನೀರು ಬಸಿದು ಹೋಗಲೆಂದು ಒಂದು ತೂತು ಇರುವುದಿಲ್ಲ.

ಅಕ್ಕ ಒಂದು ಲೈಫ್ ಜಾಕೆಟ್ ತೊಟ್ಟು, ಇನ್ನೊಂದರ ಮೇಲೆ ಕೂತಳು, ಹಿಂದಿನ ಸೀಟಿನಲ್ಲಿ. ನಾನು ಭಾವನ ಪಕ್ಕದಲ್ಲಿ. ಕಂಡಕ್ಟರ್ ದೋಣಿಯ ಬದಿಗೆ ಎರಡು ಸಲ ಬಡಿದು "ರೈಟ್!" ಎಂದರು. ಕಟ್ಟೆಯ ಮೇಲಿದ್ದವರು ಚಪ್ಪಾಳೆ ತಟ್ಟಿದರು. ಹೊರಟೆವು.

ನಿಜ ಹೇಳುತ್ತೇನೆ, ಸೊಗಸಾಗಿತ್ತು. ದೋಣಿ ಮೂತಿ ಎತ್ತಿಕೊಂಡು ಓಡಿತು. ಕೆರೆಯ ನಡುವೆ ಭಾವ ಮೋಟಾರು ನಿಲ್ಲಿಸಿದರು, ನಿಲ್ದಾಣದಲ್ಲಿ ನಿಲ್ಲಿಸುವ ಹಾಗೆ, ಒಂದು ಕುಲುಕೂ ಇಲ್ಲದೆ. ಅಲ್ಲಿಂದ ಊರು ಬೇರೆಯೇ ಆಗಿ ಕಾಣುತ್ತಿತ್ತು. "ಅಗೋ, ನಮ್ಮನೆ ನೀರಿನ ಟ್ಯಾಂಕು!" ಎಂದು ಅಕ್ಕ ಕೈ ತೋರಿಸಿದಳು. ಅಷ್ಟು ಹೊತ್ತು ಸೀಟಿನ ಅಂಚು ಹಿಡಿದಿದ್ದ ಕೈ ಬಿಟ್ಟಿದ್ದೇ ಅವಳಿಗೆ ಗೊತ್ತಿರಲಿಲ್ಲ. ಬ್ರೆಡ್ಡು, ಬೇಯಿಸಿದ ಮೊಟ್ಟೆ ಡಬ್ಬಿಯಿಂದ ಹೊರಗೆ ಬಂದವು. ನಾನು ಫ್ಲಾಸ್ಕಿನಿಂದ ಚಹಾ ಬಗ್ಗಿಸಿದೆ. ಭಾವನ ಮುಖ ನೋಡಬೇಕಿತ್ತು.

"ಚಹಾ ಚೆಲ್ಲಿದ್ಯೇನೇ? ಕಾಲೆಲ್ಲ ಒದ್ದೆ" ಎಂದಳು ಅಕ್ಕ.

ನಾನು ಚೆಲ್ಲಿರಲಿಲ್ಲ. ತಿರುಗಿ ನೋಡಿದೆ. ಹಿಂದಿನ ಸೀಟಿನ ಕೆಳಗೆ ನೀರು ಅವಳ ಪಾದ ಮುಳುಗಿಸಿ ಮೇಲೇರುತ್ತಿತ್ತು. ಅವಳ ಚಪ್ಪಲಿಯೊಂದು ತೇಲುತ್ತಿತ್ತು.

"ಯಾರೂ ಗಾಬರಿಯಾಗ್ಬೇಡಿ. ಎಲ್ಲರೂ ಅವರವರ ಸೀಟಲ್ಲೇ ಕೂತಿರಿ" ಎಂದರು ಭಾವ, ತುಂಬಿದ ಬಸ್ಸಿಗೆ ಹೇಳುವ ದನಿಯಲ್ಲಿ. ಎದ್ದು ನಿಂತು, ಹಿಂದೆ ಬಗ್ಗಿ ನೋಡಿ, ಹಣೆ ಹಣೆ ಬಡಿದುಕೊಂಡರು. "ಬಿರಡೆ! ಆ ತೂತಿಗೆ ಒಂದು ಬಿರಡೆ ಇತ್ತು. ನಿನ್ನೆ ತೊಳೆದ ನೀರು ಹೋಗ್ಲಿ ಅಂತ ತೆಗೆದೆ. ಕಳೆದುಹೋಗ್ಬಾರ್ದು ಅಂತ ಜೋಪಾನವಾಗಿ ಎತ್ತಿಟ್ಟೆ. ಎಲ್ಲಿಟ್ಟೆ... ಅಡುಗೆಮನೆ ಕಿಟಕಿ ಕಟ್ಟೆ ಮೇಲೆ! ಕಪ್ಪು ರಬ್ಬರಿಂದು. ಬೆಳಿಗ್ಗೆ ತಗೊಳ್ಳೋದೇ ಮರೆತೆ."

ಅಕ್ಕ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಕ್ಕ ನಿನ್ನೆ ಸೋಪಿನ ನೀರಿನಲ್ಲಿ ನೆನೆದಿದ್ದ ತನ್ನ ಬೆರಳುಗಳನ್ನೇ ನೋಡಿಕೊಂಡಳು. ಆ ಬಿರಡೆ ಈಗ ಅವಳ ಸಿಂಕಿನಲ್ಲಿ, ನಿನ್ನೆಯ ನೀರಿನ ಕೆಳಗೆ, ಭದ್ರವಾಗಿ ಕೂತಿತ್ತು. ನಿನ್ನೆ ಒಂದು ಮಾತು ಹೊಗಳಿದ್ದರೆ ಇವತ್ತು ದೋಣಿಗೆ ನೀರು ನುಗ್ಗುತ್ತಿರಲಿಲ್ಲ.

ಆಮೇಲೆ ಅವಳು ಮಾಡಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ತುಂಬಿದ ಬಕೆಟ್ ಕಂಡರೆ ಹಿಂದೆ ಸರಿಯುವವಳು, ಸೀಟಿನಿಂದ ಇಳಿದು ಆ ನೀರಿನಲ್ಲೇ ಕುಕ್ಕರಿಸಿ ಕೂತಳು. ತಡಕಾಡಿ ತೂತು ಹುಡುಕಿ ಹೆಬ್ಬೆರಳು ತುರುಕಿದಳು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು. "ಹೊರಡಿ!" ಎಂದಳು.

ಭಾವ ಹೊರಡಲಿಲ್ಲ. ಕೀಲಿಯ ಮೇಲೆ ಕೈಯಿತ್ತು, ಕೈ ತಿರುಗಲಿಲ್ಲ. ಮುಖ ಬಿಳಿಚಿಕೊಂಡಿತ್ತು. ಅವರ ಗಾಡಿಯಲ್ಲಿ ಜನ ಆಪತ್ತಿಗೆ ಸಿಕ್ಕಿದ್ದು ಅದೇ ಮೊದಲು. ಗಾಡಿ ಕೆಟ್ಟರೆ ಎಡಕ್ಕೆ ಹಾಕಿ ನಿಲ್ಲಿಸು ಎನ್ನುವುದಷ್ಟೇ ಅವರು ಕಲಿತ ಪಾಠ. ಇಲ್ಲಿ ಎಡಕ್ಕೂ ನೀರು, ಬಲಕ್ಕೂ ನೀರು. "ಭಾವ, ಹೋಗಿ ಭಾವ!" ಎಂದು ನಾನು ಭುಜ ಹಿಡಿದು ಅಲುಗಾಡಿಸಿದೆ. ಅವರಿಗೆ ಕೇಳಿಸಿದ ಹಾಗೇ ಕಾಣಲಿಲ್ಲ. ಮುಗಿಯಿತು ಎಂದುಕೊಂಡೆ.

ಅಕ್ಕ ಬಿಡುವಿದ್ದ ಕೈಯಿಂದ ದೋಣಿಯ ಬದಿಗೆ ಎರಡು ಸಲ ಬಡಿದಳು. ಢಬ್, ಢಬ್. "ರೈಟ್!"

ಕೀಲಿ ತಿರುಗಿತು. ಮೋಟಾರು ಒಮ್ಮೆ ಕೆಮ್ಮಿ ಹತ್ತಿಕೊಂಡಿತು. ಭಾವನ ಬೆನ್ನು ನೆಟ್ಟಗಾಯಿತು. ದೋಣಿ ಭಾರವಾಗಿ ಮೂತಿ ಎತ್ತಿತು. ನಾನು ಡಬ್ಬಿ ಖಾಲಿ ಮಾಡಿ ಅದರಲ್ಲೇ ನೀರು ಮೊಗೆದು ಮೊಗೆದು ಹೊರಗೆ ಚೆಲ್ಲಿದೆ. ಅಷ್ಟರಲ್ಲಿ ಅಕ್ಕ ಕೂಗಿದಳು. "ರೀ, ಓಡ್ತಿದ್ರೆ ನೀರು ಹೊರಗಡೆಗೆ ಎಳೀತಿದೆ, ಸಿಂಕಲ್ಲಿ ಎಳೆಯೋ ಹಾಗೆ! ನಾನು ಬೆರಳು ತೆಗೀತೀನಿ, ನೀವು ನಿಧಾನ ಮಾಡ್ಬೇಡಿ!" ಬೆರಳು ತೆಗೆದಳು. ವೇಗ ಹೆಚ್ಚಿದ ಹಾಗೆ ಒಳಗೆ ಬಂದಿದ್ದ ನೀರು ಬಂದ ದಾರಿಯಲ್ಲೇ ವಾಪಸ್ಸು ಹೊರಟಿತು. ಅದನ್ನು ಕಣ್ಣಾರೆ ಕಂಡಾಗಲೇ ನಾನು ಸರಿಯಾಗಿ ಉಸಿರಾಡಿದ್ದು. ಭಾವ ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ. ದಡವನ್ನೇ ನೋಡುತ್ತ ಓಡಿಸಿದರು.

ದಡ ಹತ್ತಿರವಾದಾಗ ಅಕ್ಕ ಒಂದು ಸಲ ಬಡಿದು, ಮತ್ತೆ ಹೆಬ್ಬೆರಳಿಟ್ಟಳು. ಕಟ್ಟೆಯ ಪಕ್ಕದ ಕೆಸರುದಂಡೆಗೆ ಭಾವ ದೋಣಿಯನ್ನು ತಂದು ಏರಿಸಿದರು. ದೋಣಿಗೆ ಬ್ರೇಕಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಪಕ್ಕದ ಸೀಟಿನ ಮೇಲೆ ಸಿಪ್ಪೆ ಬಿಡಿಸಿಟ್ಟಿದ್ದ ಮೊಟ್ಟೆ ಉರುಳಲಿಲ್ಲ, ಇದಕ್ಕಿಂತ ಹೆಚ್ಚಿಗೆ ನಾನೇನು ಹೇಳಲಿ? ನೆಲದ ಮೇಲೆ ಕಾಲಿಟ್ಟಾಗ ಹೋದ ಜೀವ ಬಂದ ಹಾಗಾಯಿತು. ಅಕ್ಕನನ್ನು ಅಪ್ಪಿಕೊಂಡು ಜೋರಾಗಿ ಅತ್ತುಬಿಟ್ಟೆ. ಅವಳು ಅಡಿಯಿಂದ ಮುಡಿಯವರೆಗೆ ತೊಯ್ದು ತೊಪ್ಪೆಯಾಗಿದ್ದಳು.

ಕಟ್ಟೆಯ ಮೇಲೆ ಯಾರೂ ನಗಲಿಲ್ಲ. ಕಾವಲುಗಾರ ತನ್ನ ಟವೆಲ್ಲು ತಂದುಕೊಟ್ಟ. ಭಾವ ಕಂಡಕ್ಟರ ಮುಂದೆ ನಿಂತು, "ಗಾಡಿ ತೆಗೆಯೋ ಮುಂಚೆ ನೋಡ್ಬೇಕಾದ್ದು ಡ್ರೈವರ್ ಕೆಲಸ. ನಾನು ನೋಡಲಿಲ್ಲ. ನನ್ನ ಹೆಸರು ಇವತ್ತಿಗೆ ಹೋಯ್ತು ಕಣಯ್ಯಾ" ಎಂದರು. ಕಂಡಕ್ಟರ್ ಅವರ ಭುಜದ ಮೇಲೆ ಕೈಯಿಟ್ಟರು. ದೋಣಿಗೆ ಗಿರಾಕಿ ಯಾರಾದರೂ ಇದ್ದರೆ ಹೇಳು ಎಂದು ಭಾವ ಕಾವಲುಗಾರನಿಗೂ ತಿಳಿಸಿದರು.

ಮನೆಗೆ ಬಂದವರೇ ಶೂ ಬಿಚ್ಚಿಟ್ಟು ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತರು.

ಅಕ್ಕ ಬಟ್ಟೆ ಬದಲಿಸಿ ಅಡುಗೆಮನೆಗೆ ಬಂದಳು. ಸಿಂಕಿನಲ್ಲಿ ನಿನ್ನೆಯ ನೀರು ತಣ್ಣಗೆ ನಿಂತಿತ್ತು. ನಾವಿಬ್ಬರೂ ಅದನ್ನೇ ನೋಡುತ್ತ ನಿಂತೆವು. ಅವಳು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇನ್ನೊಂದು ವಾರದಲ್ಲಿ ದೋಣಿ ಮಾರಿಹೋಗುತ್ತಿತ್ತು, ಊರಿನವರ ನಗುವೂ ನಿಲ್ಲುತ್ತಿತ್ತು. ತಪ್ಪನ್ನೆಲ್ಲ ಆಗಲೇ ಭಾವ ಹೊತ್ತುಕೊಂಡಾಗಿತ್ತು. ಒಳಗಿಂದ ಕುರ್ಚಿ ಕಿರುಗುಟ್ಟಿದ ಸದ್ದು ಬಂತು. ಅಕ್ಕ ತೋಳು ಮೇಲೆ ಸರಿಸಿ ನೀರಿಗೆ ಕೈ ಹಾಕಿ ಬಿರಡೆ ಕಿತ್ತಳು. ಸಿಂಕು ಗೊಳಗೊಳ ಎನ್ನುತ್ತಿರುವಾಗಲೇ ನಡುಮನೆಗೆ ಹೋಗಿ ಅದನ್ನು ಭಾವನ ಅಂಗೈಯಲ್ಲಿಟ್ಟಳು.

"ನೀವು ಸಿಂಕಿಗೆ ಅಂತ ತಂದಿದೀರಿ ಅಂದ್ಕೊಂಡೆ" ಎಂದಳು.

ಭಾವ ಬಿರಡೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕೋಪ ಬಾರದವರಿಗೂ ಇವತ್ತು ಬಂದೀತು ಎಂದು ನಾನು ಬಾಗಿಲ ಹಿಂದೆ ಸರಿದು ನಿಂತೆ.

"ಸರಿಯಾಗಿ ಕೂತಿತ್ತಾ?" ಎಂದು ಕೇಳಿದರು.

"ಅಳತೆ ತಗೊಂಡು ತಂದ ಹಾಗೆ."

ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಇಡೀ ಕುರ್ಚಿ. ಭಾವ ಹಾಗೆ ನಕ್ಕದ್ದನ್ನು ನಾನು ಅವರ ಮದುವೆಯಾದಾಗಿನಿಂದ ಕಂಡಿರಲಿಲ್ಲ. ಅಕ್ಕ ನಗಲೂ ಆಗದೆ ಅಳಲೂ ಆಗದೆ ನಿಂತಿದ್ದಳು. ನಗು ಮುಗಿದ ಮೇಲೆ ಭಾವ ಕಣ್ಣೊರೆಸಿಕೊಂಡು, "ಆದ್ರೂ ಮಾತು ಮಾತೇ ಕಣೆ. ನಿನ್ನ ಬಟ್ಟೆ ಒದ್ದೆಯಾಯ್ತು. ದೋಣಿ ಮಾರ್ತೀನಿ" ಎಂದರು.

"ಡ್ರೈವರ್ ತಪ್ಪಿಗೆ ಒದ್ದೆಯಾದ್ರೆ ಮಾರೋದು ಅಂತ ಮಾತು" ಎಂದಳು ಅಕ್ಕ. ಹಾಗೆಂದು ಮಾತಾಗಿರಲಿಲ್ಲ, ನಾನೇ ಸಾಕ್ಷಿ. ಅವಳೇ ಮುಂದುವರಿಸಿದಳು. "ಇದು ಕಂಡಕ್ಟರ್ ತಪ್ಪು. ಹೊಸಬಳು, ಒಂದ್ಸಲ ಮಾಫ್ ಮಾಡ್ಬೇಕು."

ಭಾವ ಬಗ್ಗಿ ಶೂ ಹುಡುಕಿದರು. ದೋಣಿ ಮಾರುವುದಿಲ್ಲವೆಂದು ಕಾವಲುಗಾರನಿಗೆ ಹೇಳಿ ಬರಬೇಕಿತ್ತು.

ಇದೆಲ್ಲ ಆಗಿ ಎಷ್ಟೋ ಭಾನುವಾರಗಳು ಕಳೆದಿವೆ. ಕಿಟಕಿಯ ಹತ್ತಿರದ ಕುರ್ಚಿಯ ಮೇಲೆ ಈಗ ಲೈಫ್ ಜಾಕೆಟ್ಟುಗಳು ಒಣಗುತ್ತವೆ. ಅಕ್ಕನ ಸಿಂಕಿಗೆ ಬಿರಡೆ ಮಾತ್ರ ಇನ್ನೂ ಬಂದಿಲ್ಲ, ಹಳೆಯ ಬಟ್ಟೆ ಸುತ್ತಿ ತುರುಕುತ್ತಾಳೆ, ದಿನವೂ ಗೊಣಗುತ್ತಾಳೆ. ಆದರೆ ಭಾನುವಾರ ಬೆಳಿಗ್ಗೆ ಇಳಿಜಾರಿನಲ್ಲಿ ನಿಂತು "ಬರ್ಲಿ, ಬರ್ಲಿ, ಸಾಕು!" ಎನ್ನುವವಳು ಅವಳೇ. ಪಟ್ಟಿ ಬಿಚ್ಚುತ್ತಾಳೆ, ಹಗ್ಗ ಎಳೆದು ನೋಡುತ್ತಾಳೆ, ಬಿರಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾಳೆ. ಒಂದು ಜಾಕೆಟ್ ತೊಟ್ಟು, ಇನ್ನೊಂದರ ಮೇಲೆ, ಹಿಂದಿನ ಸೀಟಿನಲ್ಲಿ ಕೂರುತ್ತಾಳೆ. ಭಾವ ಕೀಲಿಯ ಮೇಲೆ ಕೈಯಿಟ್ಟು ಕಾಯುತ್ತಾರೆ. ಅವಳು ದೋಣಿಯ ಬದಿಗೆ ಎರಡು ಸಲ ಬಡಿಯುತ್ತಾಳೆ. ಭಾವ ಹಿಂದೆ ತಿರುಗಿ ನೋಡುವುದಿಲ್ಲ, ಹೊರಡುತ್ತಾರೆ.